ಇಬ್ಬರು ಕೂತರೂ ಸಭೆಯೇ

ಕಾಫಿ ಸೀಮೆಯ ಯಾವ ಪೇಟೆಗೆ ಹೋದರೂ ಬಾರ್ ಎಲ್ಲಿದೆಯೆಂದು ಕೇಳಬೇಕಾಗಿಲ್ಲ. ಮೂಡಿಗೆರೆಯಾಗಲಿ ಆಲ್ದೂರಾಗಲಿ, ಬಣಕಲ್ಲಾಗಲಿ ಕಳಸವಾಗಲಿ, ಬಸ್ಸಿಳಿದು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಅದರ ಬೋರ್ಡು ತಾನಾಗಿ ಕಣ್ಣಿಗೆ ಬೀಳುತ್ತದೆ. ಅದೇ ಪೇಟೆಯಲ್ಲಿ ಕುಡಿತ ಬಿಡಬೇಕೆಂದು ನಿಶ್ಚಯಿಸಿದವನೊಬ್ಬ, ತನ್ನ ಹಾಗೆಯೇ ಬಿಡಲು ಹೊರಟವರು ಎಲ್ಲಿ ಸೇರುತ್ತಾರೆ, ಯಾವ ವಾರ ಸೇರುತ್ತಾರೆ ಎಂದು ಯಾರನ್ನು ಕೇಳಬೇಕು? ಗೋಡೆಯ ಮೇಲೆ ಅವನಿಗೆ ಕಾಣುವುದು ಇನ್ನೊಂದೇ ಚೀಟಿ: ‘ಅವರಿಗೆ ತಿಳಿಯದಂತೆ ಕುಡಿತ ಬಿಡಿಸಲಾಗುವುದು’ ಎಂಬ ಸಾಲು, ಅದರ ಕೆಳಗೊಂದು ಮೊಬೈಲ್ ನಂಬರು. ಒಬ್ಬ ಮನುಷ್ಯನ ಬದುಕನ್ನು ಅವನಿಗೇ ತಿಳಿಯದಂತೆ ಸರಿಮಾಡಬಹುದೆಂದು ನಾವು ಯಾವಾಗಿನಿಂದ ನಂಬತೊಡಗಿದೆವು?

ಸಭೆ ಹುಡುಕುವುದೆಂದರೆ ವಿಳಾಸ ಹುಡುಕುವ ಕೆಲಸ ಮಾತ್ರವಾಗಿದ್ದರೆ ಅದು ಅಷ್ಟು ಕಷ್ಟವಾಗುತ್ತಿರಲಿಲ್ಲ. ಬೆಂಗಳೂರಿನಂಥ ಊರಿನಲ್ಲಿ ಕೇಳುವವನೂ ಅಪರಿಚಿತ, ಹೇಳುವವನೂ ಅಪರಿಚಿತ. ನಮ್ಮ ಬೆಟ್ಟದ ಊರುಗಳಲ್ಲಿ ಅಪರಿಚಿತರೆಂಬವರೇ ಇಲ್ಲ. ಮೆಡಿಕಲ್ ಶಾಪಿನವನು ಭಾವಮೈದುನನ ಸಹಪಾಠಿ, ಆಸ್ಪತ್ರೆಯ ನರ್ಸಮ್ಮ ಪಕ್ಕದ ಎಸ್ಟೇಟಿನ ರೈಟರ ಮನೆಯವರು, ಬಸ್ಸಿನ ಕಂಡಕ್ಟರಿಗೆ ನಾವು ಎಲ್ಲಿ ಇಳಿಯುವವರೆಂಬುದು ಟಿಕೆಟು ಹರಿಯುವ ಮೊದಲೇ ಗೊತ್ತು. ಹೀಗಿರುವಾಗ ಕೇಳುವ ಮಾತೇ ಒಂದು ತಪ್ಪೊಪ್ಪಿಗೆಯಾಗಿಬಿಡುತ್ತದೆ. ಹಾಡುಹಗಲೇ ಬಾರಿನ ಮೆಟ್ಟಿಲು ಹತ್ತಿದವನು, ಅದನ್ನು ಬಿಟ್ಟುಬರುವ ದಾರಿಯಲ್ಲಿ ಮುಖ ಮರೆಸಿಕೊಂಡು ನಡೆಯಬೇಕಾಗುತ್ತದೆ. ಈ ತಿರುವು ಮುರುವನ್ನು ನಾವು ಎಂದಾದರೂ ಯೋಚಿಸಿದ್ದೇವೆಯೇ? ಬೀಳುವುದಕ್ಕಿಲ್ಲದ ನಾಚಿಕೆ ಏಳುವುದಕ್ಕೆ ಎಲ್ಲಿಂದ ಬಂತು?

ಅದು ನಮ್ಮಿಂದಲೇ ಬಂದದ್ದು. ಕುಡಿಯುವವನನ್ನು ನಾವು ಅರ್ಥಮಾಡಿಕೊಂಡಾಗಿದೆ; ಅವನಿಗೊಂದು ಹೆಸರಿಟ್ಟು, ಊರಿನ ಲೆಕ್ಕದಲ್ಲಿ ಒಂದು ಮೂಲೆ ಕೊಟ್ಟು ಕೂರಿಸಿದ್ದೇವೆ. ಬಿಡುತ್ತೇನೆಂದು ಅವನು ಎದ್ದು ನಿಂತಾಗ ಮಾತ್ರ ನಮ್ಮ ಬಾಯಲ್ಲಿ ಬರುವುದು ‘ನೋಡಾಣ, ಎಷ್ಟು ದಿನ’ ಎಂಬ ಮಾತು. ಆಡುವಾಗ ಅದರಲ್ಲಿ ದ್ವೇಷವೇನೂ ಇರುವುದಿಲ್ಲ. ಆದರೆ ಕೇಳಿಸಿಕೊಂಡವನಿಗೆ ಅದು ಪಂಥ ಕಟ್ಟಿದ ಹಾಗೆ. ಪಂಥದಲ್ಲಿ ಇಡೀ ಊರು ಒಂದು ಕಡೆ, ಅವನೊಬ್ಬ ಇನ್ನೊಂದು ಕಡೆ. ಒಂಟಿಯಾಗಿ ಕುಡಿಯಲು ಹೋಗಿ ಸಿಕ್ಕಿಬಿದ್ದವನನ್ನು, ಬಿಡುವುದನ್ನೂ ಒಂಟಿಯಾಗಿ ಮಾಡು ಎನ್ನುವುದು ಯಾವ ನ್ಯಾಯ?

ನಮ್ಮ ಸೀಮೆಯಲ್ಲಿ ಕುಡಿತ ಬಿಡುವ ಹಳೆಯ ದಾರಿ ಆಣೆಯದು. ಹೆಂಡತಿಯ ತಲೆಯ ಮೇಲೆ ಕೈಯಿಟ್ಟು ಆಣೆ, ಮಗುವಿನ ಮೇಲೆ ಆಣೆ. ಯಾವುದೂ ನಿಲ್ಲದಾಗ ಕೊಟ್ಟಿಗೆಹಾರ ದಾಟಿ, ಚಾರ್ಮಾಡಿ ಘಾಟಿ ಇಳಿದು, ಧರ್ಮಸ್ಥಳದ ಮಂಜುನಾಥನ ಮುಂದೆ ಆಣೆ. ಆ ಆಣೆಯ ಹಿಂದಿನ ಕಣ್ಣೀರು ನಿಜವಾದದ್ದು. ಅದನ್ನು ಹಗುರವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಆದರೆ ಆಣೆಯಿಟ್ಟು ಘಾಟಿ ಹತ್ತಿ ಬಂದವನಿಗೆ ಸಂಜೆ ಆರು ಗಂಟೆಗೆ ಗಂಟಲು ಒಣಗಿ ಕೈ ನಡುಗತೊಡಗಿದಾಗ ಪಕ್ಕದಲ್ಲಿ ಇರುವವರು ಯಾರು? ಆಣೆ ಮುರಿಯಿತೆಂದರೆ ಕುಡಿತದ ಹೊರೆಯ ಮೇಲೆ ದೈವದ್ರೋಹದ ಹೊರೆಯೂ ಕೂಡುತ್ತದೆ. ಆ ಭಾರ ಮರೆಯಲು ಅವನಿಗೆ ಗೊತ್ತಿರುವ ಉಪಾಯವೂ ಒಂದೇ.

ಆಣೆಯೊಂದೇ ಸಾಲದೆಂಬುದನ್ನು ಕಂಡುಕೊಂಡು ಬೇರೆ ದಾರಿ ತೆರೆದದ್ದೂ ಆ ಕ್ಷೇತ್ರವೇ ಎಂಬುದು ಯೋಚಿಸಬೇಕಾದ ಸಂಗತಿ. ಧರ್ಮಸ್ಥಳದ ಧರ್ಮಾಧಿಕಾರಿ ವೀರೇಂದ್ರ ಹೆಗ್ಗಡೆಯವರು 1982ರಲ್ಲಿ ಆರಂಭಿಸಿದ ಗ್ರಾಮಾಭಿವೃದ್ಧಿ ಯೋಜನೆ ಹಳ್ಳಿಹಳ್ಳಿಯ ಮನೆಯೊಳಕ್ಕೆ ಹೋದಾಗ ಅದಕ್ಕೆ ಎದುರಾದದ್ದು ದುಡಿದ ಹಣ ಉಳಿಯದ ಮನೆಗಳು. 1990ರ ದಶಕದ ಆರಂಭದಲ್ಲಿ ಬೆಳ್ತಂಗಡಿ ಕಡೆ ಮೊದಲಾದ ಜನಜಾಗೃತಿಯ ಕೆಲಸ ಮದ್ಯವರ್ಜನ ಶಿಬಿರಗಳಾಗಿ ಘಾಟಿಯ ಮೇಲಕ್ಕೂ ಬಂತು. ಊರಿನವರೇ ಸಮಿತಿ ಮಾಡಿಕೊಂಡು, ದೇವಸ್ಥಾನದ ಸಭಾಭವನವನ್ನೋ ಕಲ್ಯಾಣ ಮಂಟಪವನ್ನೋ ಬಿಡಿಸಿಕೊಟ್ಟು, ಅಕ್ಕಿ ಕಾಯಿ ತರಕಾರಿ ಒಟ್ಟು ಮಾಡಿ ನಡೆಸುವ ಎಂಟು ದಿನಗಳ ಶಿಬಿರ ಅದು. ವೈದ್ಯರ ತಪಾಸಣೆ, ಯೋಗ, ಭಜನೆ, ಮನೆಯವರೊಡನೆ ಮಾತುಕತೆ ಎಲ್ಲವೂ ಅಲ್ಲಿ ಇರುತ್ತದೆ. ಆದರೆ ಶಿಬಿರದ ನಿಜವಾದ ಅರ್ಥ ತಿಳಿಯುವುದು ಒಂಬತ್ತನೆಯ ದಿನ. ಹೊರಗೆ ಬಂದವರು ಒಟ್ಟಾಗಿ ನವಜೀವನ ಸಮಿತಿ ಮಾಡಿಕೊಂಡು ಮತ್ತೆ ಮತ್ತೆ ಸೇರುತ್ತಾರೆ. ನೂರು ದಿನ ತುಂಬಿದಾಗ ಶತದಿನೋತ್ಸವ. ಅಕ್ಟೋಬರ್ 2ರ ಸುಮಾರಿಗೆ ಗಾಂಧಿಸ್ಮೃತಿಯ ಹೆಸರಿನಲ್ಲಿ ವ್ಯಸನಮುಕ್ತರ ಸಮಾವೇಶ. ಎಂಟು ದಿನ ಬಿಡಿಸುವುದು ಒಂದು ಕೆಲಸ, ಎಂಟು ವರ್ಷ ಜೊತೆಯಲ್ಲಿ ಕೂರುವುದು ಬೇರೆಯದೇ ಕೆಲಸ. ಎರಡನೆಯದಕ್ಕೆ ಕ್ಯಾಂಪು ಸಾಲದು, ಸಭೆಯೇ ಬೇಕು.

ಜೊತೆಯಲ್ಲಿ ಕೂರುವುದರಲ್ಲಿ ಅಂಥದ್ದೇನಿದೆ? ಈ ಪ್ರಶ್ನೆಗೆ ಉತ್ತರ ಹುಡುಕಿ ಹೊರಟರೆ 1935ರ ಮೇ ತಿಂಗಳಿನಲ್ಲಿ ಅಮೆರಿಕದ ಆಕ್ರನ್ ಎಂಬ ಊರಿಗೆ ಹೋಗಬೇಕಾಗುತ್ತದೆ. ನ್ಯೂಯಾರ್ಕಿನ ಷೇರು ವ್ಯವಹಾರದ ಬಿಲ್ ವಿಲ್ಸನ್ ಕುಡಿತ ಬಿಟ್ಟು ಆಗಿನ್ನೂ ಐದು ತಿಂಗಳು. ಆ ಊರಿಗೆ ಬಂದ ವ್ಯವಹಾರ ಕೈಕೊಟ್ಟಿತ್ತು. ತಂಗಿದ್ದ ಹೋಟೆಲಿನ ಪಡಸಾಲೆಯಲ್ಲಿ ಒಂದು ಕಡೆ ಬಾರು, ಇನ್ನೊಂದು ಕಡೆ ದೂರವಾಣಿ. ಬಾರಿನ ಕಡೆಗೆ ಎಳೆಯುತ್ತಿದ್ದ ಕಾಲನ್ನು ಅವನು ದೂರವಾಣಿಯ ಕಡೆ ತಿರುಗಿಸಿದ. ಊರಿನ ಚರ್ಚುಗಳ ಪಟ್ಟಿ ನೋಡಿ ಒಂದಾದ ಮೇಲೊಂದು ಕಡೆಗೆ ಫೋನು ಮಾಡಿದ. ಅವನು ಕೇಳಿದ್ದು ವೈದ್ಯರನ್ನೂ ಅಲ್ಲ, ಪುರೋಹಿತರನ್ನೂ ಅಲ್ಲ. ಮಾತಾಡಲು ಸಿಗುವ ಇನ್ನೊಬ್ಬ ಕುಡುಕನನ್ನು. ಹಾಗೆ ಸಿಕ್ಕವನು ಅದೇ ಊರಿನ ಶಸ್ತ್ರಚಿಕಿತ್ಸಕ ಡಾ. ಬಾಬ್ ಸ್ಮಿತ್. ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂರುವುದಿಲ್ಲವೆಂದು ಮೊದಲೇ ಹೇಳಿ ಬಂದ ಆ ವೈದ್ಯ ಸಂಜೆಯಿಂದ ರಾತ್ರಿ ಹನ್ನೊಂದು ದಾಟುವವರೆಗೂ ಎದ್ದಿರಲಿಲ್ಲ. ಜೂನ್ 10ಕ್ಕೆ ಅವನ ಕೊನೆಯ ಕುಡಿತ ಮುಗಿಯಿತು. 1950ರಲ್ಲಿ ತೀರಿಕೊಳ್ಳುವವರೆಗೂ ಅವನು ಮತ್ತೆ ಮುಟ್ಟಲಿಲ್ಲ. ಆ ಜೂನ್ 10ನ್ನೇ ಅಲ್ಕೋಹಾಲಿಕ್ಸ್ ಅನಾನಿಮಸ್ (ಎ.ಎ.) ಎಂಬ ಕೂಟದ ಹುಟ್ಟಿದ ದಿನವೆಂದು ಇಂದಿಗೂ ಎಣಿಸುತ್ತಾರೆ. ಜಗತ್ತಿನ ತುಂಬ ಹರಡಿ, 1957ರಲ್ಲಿ ಭಾರತಕ್ಕೂ ಬಂದ ಈ ಕೂಟದ ಮೊದಲ ಸಭೆಯಲ್ಲಿದ್ದವರು ಇಬ್ಬರೇ.

ಬಿಲ್ ಆ ಸಂಜೆ ಇನ್ನೊಬ್ಬನನ್ನು ಉದ್ಧಾರ ಮಾಡಲು ಹೊರಟಿರಲಿಲ್ಲ. ತಾನು ಉಳಿಯಲು ಇನ್ನೊಬ್ಬ ಬೇಕಾಗಿದ್ದ. ಈ ಮಾತನ್ನು ನಿಂತು ನೋಡಬೇಕು. ನಮಗೆ ರೂಢಿಯಾಗಿರುವ ಉಪಕಾರದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ಕುಡಿತ ಬಿಡು ಎಂದು ಬುದ್ಧಿ ಹೇಳುವ ಅಣ್ಣ, ಮಾವ, ಮೇಷ್ಟ್ರು, ಧಣಿ ಇವರೆಲ್ಲರೂ ದಡದ ಮೇಲೆ ನಿಂತೇ ಮಾತಾಡುತ್ತಾರೆ. ಸಭೆಯಲ್ಲಿ ಆ ದಡವೇ ಇಲ್ಲ. ಹತ್ತು ವರ್ಷ ಮುಟ್ಟದವನೂ ನಿನ್ನೆ ರಾತ್ರಿ ಕುಡಿದವನೂ ಒಬ್ಬರಿಗೊಬ್ಬರು ಬೇಕಾದವರು. ಹಳಬನಿಗೆ ತಾನು ಎಲ್ಲಿಂದ ಬಂದೆನೆಂಬುದು ಮರೆಯದಿರಲು ಹೊಸಬ ಬೇಕು, ಹೊಸಬನಿಗೆ ಅಲ್ಲಿಂದ ಹೊರಬರಬಹುದೆಂದು ನಂಬಲು ಹಳಬ ಬೇಕು. ಬದುಕಿನ ಎಷ್ಟು ಸಂಬಂಧಗಳಲ್ಲಿ ಇಂಥ ಸಮಾನತೆ ನಮಗೆ ಸಿಕ್ಕಿದೆ? ಗಂಡ ಹೆಂಡಿರಲ್ಲಿ, ಗುರು ಶಿಷ್ಯರಲ್ಲಿ, ಅಣ್ಣ ತಮ್ಮಂದಿರಲ್ಲಿ ಕೂಡ ಯಾರೋ ಒಬ್ಬರು ಸಾಲಗಾರರಾಗಿಯೇ ಉಳಿಯುವುದಿಲ್ಲವೇ?

ಇಂಥ ಸಭೆಗಳಲ್ಲಿ ಕಣ್ಣಿಗೆ ಬೀಳುವಂಥದು ಬಹಳವೇನೂ ಇರುವುದಿಲ್ಲ. ಪ್ಲಾಸ್ಟಿಕ್ ಕುರ್ಚಿಗಳು, ಒಂದು ಮೇಜು, ಗೋಡೆಗೊರಗಿಸಿಟ್ಟ ಒದ್ದೆ ಕೊಡೆಗಳು, ಫ್ಲಾಸ್ಕಿನಲ್ಲಿ ಕಾಫಿ. ಒಂದು ಸಣ್ಣ ಸಂಗತಿ ಮಾತ್ರ ನೋಡಿದವರಿಗೆ ಮರೆಯುವುದಿಲ್ಲ. ಕಾಫಿ ಹಂಚುವವನು ಎಲ್ಲರಿಗೂ ಲೋಟದ ತುಂಬ ಕೊಡುತ್ತ ಬಂದು, ಮೂಲೆಯಲ್ಲಿ ಕೂತ ಹೊಸಬನ ಮುಂದೆ ಅರ್ಧ ಲೋಟವಷ್ಟೇ ಇಡುತ್ತಾನೆ. ತುಂಬಿದ ಲೋಟ ಆ ಕೈಯಲ್ಲಿ ನಿಲ್ಲುವುದಿಲ್ಲ, ಚೆಲ್ಲುತ್ತದೆ. ಚೆಲ್ಲಿದರೆ ಎಲ್ಲರೂ ತಿರುಗಿ ನೋಡುತ್ತಾರೆ. ನೋಡಿದರೆ ಅವನು ಮುಂದಿನ ವಾರ ಬರುವುದಿಲ್ಲ. ಇಷ್ಟು ದೂರದ ಲೆಕ್ಕ ಆ ಅರ್ಧ ಲೋಟದಲ್ಲಿದೆ. ಹೊಸಬ ಎರಡೂ ಕೈಯಿಂದ ಅದನ್ನು ಹಿಡಿದು ಕುಡಿದು ಮುಗಿಸಿದ ಮೇಲೆ, ಕೇಳದೆಯೇ ಮಿಕ್ಕರ್ಧ ಬಂದು ಬೀಳುತ್ತದೆ. ಈ ಸೂಕ್ಷ್ಮವನ್ನು ಯಾವ ಪುಸ್ತಕ ಓದಿ ಕಲಿಯಲಾದೀತು? ತನ್ನ ಕೈ ಒಂದು ಕಾಲಕ್ಕೆ ಹಾಗೆಯೇ ನಡುಗಿದ್ದವನಿಗೆ ಮಾತ್ರ ಬರುವ ವಿವೇಕ ಅದು.

ಆ ನಡುಕವನ್ನು ನಾವು ಮನಸ್ಸಿನ ದೌರ್ಬಲ್ಯವೆಂದು ಓದಿದ್ದೇವೆ. ನಿಜವಾಗಿ ಅದು ಮೈಯ ಮಾತು. ವರ್ಷಗಟ್ಟಲೆ ಮದ್ಯಕ್ಕೆ ಒಗ್ಗಿಹೋದ ನರಮಂಡಲದಿಂದ ಅದನ್ನು ಥಟ್ಟನೆ ಕಿತ್ತುಕೊಂಡರೆ ಮೊದಲು ಬೆವರು, ನಡುಕ, ನಿದ್ದೆಗೇಡು, ಕೆಲವರಿಗೆ ಫಿಟ್ಸ್, ಎರಡು ಮೂರನೆಯ ದಿನ ಇಲ್ಲದ್ದು ಕಾಣುವ, ಯಾರನ್ನೂ ಗುರುತಿಸದ ಸನ್ನಿಯ ಸ್ಥಿತಿ. ಅದರಲ್ಲಿ ಪ್ರಾಣ ಹೋದದ್ದೂ ಉಂಟು. ಆದ್ದರಿಂದ ದಿನವೂ ಬೆಳಿಗ್ಗೆ ಎದ್ದ ಕೂಡಲೇ ಬೇಕಾಗುವಷ್ಟು ಕುಡಿಯುವವರು ಸಭೆಯ ಬಾಗಿಲಿಗೆ ಹೋಗುವ ಮುನ್ನ ವೈದ್ಯರ ಬಾಗಿಲಿಗೆ ಹೋಗಬೇಕು. ಜಿಲ್ಲಾಸ್ಪತ್ರೆಯ ಮನೋವೈದ್ಯರು, ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ, ಫೋನಿನಲ್ಲಿ ಕನ್ನಡದಲ್ಲೇ ಮಾತಾಡುವ 14416ರ ಟೆಲಿ ಮನಸ್, ವ್ಯಸನಕ್ಕೆಂದೇ ಇರುವ 14446 ಇವೆಲ್ಲ ಅದಕ್ಕಾಗಿ ಇವೆ. ಗೋಡೆಯ ಚೀಟಿಯವರು ಸಾರಿನಲ್ಲಿ ಬೆರೆಸಿಕೊಡಲು ಹೇಳುವ ಪುಡಿಯಲ್ಲಿ ಏನಿರುತ್ತದೆಂದು ಯಾರೂ ಹೇಳುವುದಿಲ್ಲ. ಕುಡಿದರೆ ಮೈ ಉರಿದು, ವಾಂತಿಯಾಗಿ, ರಕ್ತದೊತ್ತಡ ಕುಸಿಯುವಂತೆ ಮಾಡುವ ಡೈಸಲ್ಫಿರಾಮ್ ಎಂಬ ಮಾತ್ರೆ ವೈದ್ಯರ ಬಳಿಯೂ ಉಂಟು; ಆದರೆ ತಿಳಿದು, ಒಪ್ಪಿ, ವೈದ್ಯರ ಕಣ್ಣಳತೆಯಲ್ಲಿ ತೆಗೆದುಕೊಳ್ಳುವವನಿಗೆ ಅದು ಔಷಧ. ತಿಳಿಯದೆ ತಿಂದು ಮೇಲೆ ಕುಡಿದವನಿಗೆ ಅದು ವಿಷವೇ. ಮದ್ಯದ ಚಟದಿಂದಾಗುವ ತೊಂದರೆಗಳನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ಮನೋರೋಗಗಳ ಸಾಲಿನಲ್ಲೇ ಎಣಿಸಿದೆ. ಕಾಯ್ದೆ ಒಪ್ಪಿದ್ದನ್ನು ನಮ್ಮ ಜಗಲಿಕಟ್ಟೆಗಳು ಇನ್ನೂ ಒಪ್ಪಿಲ್ಲ.

ತೋಟ ಮಾಡಿದವರಿಗೆ ಕಾಂಡಕೊರಕದ ಪರಿಚಯ ಚೆನ್ನಾಗಿಯೇ ಇದೆ. ಹುಳ ಹೊಕ್ಕ ಅರೇಬಿಕಾ ಗಿಡ ಬಹಳ ದಿನ ಹೊರಗೆ ಹಸಿರಾಗಿಯೇ ನಿಂತಿರುತ್ತದೆ. ತೊಗಟೆಯ ಮೇಲೆ ಬೆರಳಾಡಿಸಿ ಏಣು ಎದ್ದಿರುವುದನ್ನು ಗುರುತಿಸಬಲ್ಲವನಿಗೆ ಮಾತ್ರ ಒಳಗಿನ ಟೊಳ್ಳು ತಿಳಿಯುತ್ತದೆ. ಗುರುತಿಸಿದ ಮೇಲೆ ಉಳಿದಿರುವುದು ಒಂದೇ ಕೆಲಸ, ಬುಡಸಹಿತ ಕಿತ್ತು ಸುಡುವುದು. ಇಲ್ಲವಾದರೆ ಪಕ್ಕದ ಗಿಡಗಳಿಗೂ ಹರಡುತ್ತದೆ. ನಾವು ಮನುಷ್ಯರನ್ನೂ ಹೀಗೆಯೇ ಕಿತ್ತು ಬಿಸಾಡಿಲ್ಲವೇ? ‘ಅವನ ಸಹವಾಸ ಬೇಡ’ ಎಂದು ಮಕ್ಕಳಿಗೆ ಹೇಳಿದೆವು, ಮದುವೆಯ ಕಾಗದ ಅವನ ಮನೆಗೆ ಕೊಡದೆ ಮುಂದಕ್ಕೆ ಹೋದೆವು, ಕೆಲಸಕ್ಕೆ ಬರಬೇಡವೆಂದು ಲೈನ್ ಮನೆ ಖಾಲಿ ಮಾಡಿಸಿದೆವು. ಗಿಡಕ್ಕೆ ಬಾಯಿಲ್ಲ, ಕಾಲಿಲ್ಲ. ಇನ್ನೊಂದು ಟೊಳ್ಳಾದ ಗಿಡದ ಬಳಿ ಹೋಗಿ ಕೂತು ತನ್ನ ಕಥೆ ಹೇಳಿ ಚಿಗುರುವ ಶಕ್ತಿ ಅದಕ್ಕಿಲ್ಲ. ಮನುಷ್ಯನಿಗಿದೆ.

ಇಲ್ಲಿ ನಮ್ಮೆದುರು ಒಂದು ತೊಡಕು ಬಂದು ನಿಲ್ಲುತ್ತದೆ. ನನ್ನ ಎಣಿಕೆಯಲ್ಲಿ ಈ ವಿಷಯದ ಅತ್ಯಂತ ಆಳವಾದ ಜಾಗವೂ ಅದೇ. ಆಕ್ರನ್ನಿನಿಂದ ಬಂದ ಕೂಟ ಹೆಸರನ್ನು ಹೊರಗೇ ಬಿಟ್ಟು ಬಾ ಎನ್ನುತ್ತದೆ. ಅಲ್ಲಿ ಕುಲವಿಲ್ಲ, ಊರಿಲ್ಲ, ಹಾಜರಿ ಪುಸ್ತಕವಿಲ್ಲ. ಕುಡಿತ ಬಿಡಬೇಕೆಂಬ ಆಸೆಯೊಂದೇ ಸದಸ್ಯತ್ವ. ಹೊರಗಿನವರ ಹಣವನ್ನು ಕೂಡ ಅವರು ಮುಟ್ಟುವುದಿಲ್ಲ, ಬಂದವರೇ ಕೈಲಾದದ್ದು ಹಾಕಿ ಬಾಡಿಗೆ ಕಟ್ಟುತ್ತಾರೆ. ನಮ್ಮ ನೆಲದಲ್ಲಿ ಹುಟ್ಟಿದ ನವಜೀವನ ಸಮಿತಿಯ ದಾರಿ ಇದಕ್ಕೆ ಎದುರಿನದು. ಅಲ್ಲಿ ವೇದಿಕೆಯಿದೆ, ಹಾರವಿದೆ, ಹೆಂಡತಿ ಮಕ್ಕಳು ಪಕ್ಕದಲ್ಲಿ ನಿಂತಿದ್ದಾರೆ, ಊರಿನ ಹಿರಿಯರು ನೋಡುತ್ತಿದ್ದಾರೆ. ಒಂದು ಕಡೆ ಯಾರೂ ನನ್ನನ್ನು ಗುರುತಿಸದಿರಲಿ ಎಂಬ ಬಿಡುಗಡೆ. ಇನ್ನೊಂದು ಕಡೆ ಎಲ್ಲರೂ ನನ್ನನ್ನು ಹೊಸದಾಗಿ ಗುರುತಿಸಲಿ ಎಂಬ ಹಂಬಲ. ಇವೆರಡರಲ್ಲಿ ಯಾವುದು ಮನುಷ್ಯನಿಗೆ ಹೆಚ್ಚು ನಿಜ?

ಗುಟ್ಟೇ ನಿಲ್ಲದ ಊರಿನಲ್ಲಿ ಗುಟ್ಟಿನ ಸಭೆಗೆ ಅರ್ಥವಿಲ್ಲವೆಂದು ಮೇಲ್ನೋಟಕ್ಕೆ ಅನಿಸಬಹುದು. ಕಳಸದಲ್ಲಿ ಬೆಳಿಗ್ಗೆ ಆದದ್ದು ಮಧ್ಯಾಹ್ನಕ್ಕೆ ಹೊರನಾಡಿನಲ್ಲಿ ಗೊತ್ತಾಗುತ್ತದೆ. ಆದರೆ ಗುಟ್ಟಿನ ಬೆಲೆ ಇರುವುದು ಎಷ್ಟು ಜನಕ್ಕೆ ಗೊತ್ತು ಎಂಬುದರಲ್ಲಲ್ಲ, ಗೊತ್ತಿದ್ದೂ ಆಡದಿರುವುದರಲ್ಲಿ. ಆ ಕೋಣೆಯಲ್ಲಿ ಕೇಳಿದ್ದನ್ನು ಕೇಳಿದವರು ಹೊರಗೆ ತರುವುದಿಲ್ಲವೆಂಬ ನಂಬಿಕೆ ಒಮ್ಮೆ ಕುದುರಿತೆಂದರೆ, ಊರಿಗೆಲ್ಲ ಗೊತ್ತಿರುವ ಮನುಷ್ಯನೂ ಅಲ್ಲಿ ಮೊದಲ ಬಾರಿಗೆ ಬಾಯಿ ಬಿಡುತ್ತಾನೆ. ಹಾಗೆಯೇ ಹಾರದ ದಾರಿಯನ್ನು ಆಡಂಬರವೆಂದು ತಳ್ಳಿಹಾಕುವುದೂ ಸಲ್ಲದು. ಬೀದಿಯಲ್ಲಿ ಬಿದ್ದು ಮಾನ ಕಳೆದುಕೊಂಡವನಿಗೆ ಅದೇ ಬೀದಿಯಲ್ಲಿ, ನೋಡಿದವರೆದುರೇ ಮಾನ ಮರಳಿ ಬರಬೇಕು. ಕೋಣೆಯೊಳಗಿನ ಕ್ಷಮೆ ಅವನ ಮಗಳ ಶಾಲೆಯವರೆಗೆ ಮುಟ್ಟುವುದಿಲ್ಲ. ಮೊದಲ ವಾರಗಳಲ್ಲಿ ಬೇಕಾದದ್ದು ಮರೆ, ಆಮೇಲೆ ಬೇಕಾಗುವುದು ಸಾಕ್ಷಿ ಎಂದು ನನಗೆ ತೋರುತ್ತದೆ. ಆದರೆ ಮರೆಯಿಂದ ಹೊರಬರುವ ದಿನವನ್ನು ಆರಿಸಬೇಕಾದವನು ಅವನೇ. ವೇದಿಕೆಗೆ ಜನ ಸಾಲದೆಂದು ಇನ್ನೂ ಕೈ ನಡುಗುತ್ತಿರುವವನನ್ನು ಹತ್ತಿಸಿ ಫೋಟೋ ತೆಗೆಸುವುದು ಯಾರಿಗೂ ಒಳಿತಲ್ಲ.

ಮರೆಯ ಮಾತು ಬಂದಾಗ ಅಂತಸ್ತಿನ ಮಾತನ್ನು ಬಿಡಲಾಗುವುದಿಲ್ಲ. ಕ್ಲಬ್ಬಿನಲ್ಲಿ ಕುಡಿದರೆ ಆತಿಥ್ಯ, ಲೈನ್ ಮನೆಯಲ್ಲಿ ಕುಡಿದರೆ ಚಟ ಎಂದು ಈ ಬೆಟ್ಟಗಳಲ್ಲಿ ಎಷ್ಟೋ ಕಾಲದಿಂದ ಭೇದ ಮಾಡಿಕೊಂಡು ಬಂದಿದ್ದೇವೆ. ಪಿತ್ತಜನಕಾಂಗಕ್ಕೆ ಈ ಭೇದ ಗೊತ್ತಿಲ್ಲ. ಶಿಬಿರಕ್ಕೆ ಅಕ್ಕಿ ಮೂಟೆ ಕಳಿಸುವ ಧಣಿಗಳಿದ್ದಾರೆ, ತಾವು ಬಂದು ಕೂರಬೇಕಾದವರೂ ಅವರಲ್ಲಿದ್ದಾರೆ. ತನ್ನ ತೋಟದಲ್ಲಿ ಹಣ್ಣು ಕೊಯ್ಯುವ ಆಳಿನ ಪಕ್ಕದ ಕುರ್ಚಿಯಲ್ಲಿ ಕೂತು ‘ನನ್ನಿಂದಲೂ ಆಗುತ್ತಿಲ್ಲ’ ಎನ್ನುವುದು ಸುಲಭವೇ? ‘ಗೌಡ್ರೇ, ನೀವೂ ಬಂದ್ರಾ?’ ಎಂದು ಆ ಆಳು ಎದ್ದು ನಿಂತರೆ? ಎದ್ದವನನ್ನು ಕೂತ್ಕೋ ಎಂದು ಕೈ ಹಿಡಿದು ಕೂರಿಸುವ ಆ ಗಳಿಗೆಯಲ್ಲಿ ನಡೆಯುವುದು ಕುಡಿತಕ್ಕಿಂತ ಹಳೆಯದಾದ ಒಂದು ರೋಗದ ಚಿಕಿತ್ಸೆಯೂ ಹೌದು. ಮತ್ತೆ ಅಸ್ಸಾಮಿನಿಂದ, ಬಯಲುಸೀಮೆಯಿಂದ ಕೊಯ್ಲಿಗೆ ಬಂದು ಉಳಿದವರಿದ್ದಾರೆ. ಅವರಿಗೆ ಬಾರಿನ ಬಾಗಿಲಿನಲ್ಲಿ ಭಾಷೆ ಅಡ್ಡಿಯಾಗುವುದಿಲ್ಲ. ಸಭೆಯ ಬಾಗಿಲಿನಲ್ಲಿ ಆಗುತ್ತದೆ.

ಹೆಂಗಸರ ಪಾಡನ್ನು ನಾವು ಇನ್ನೂ ಹಿಂದಕ್ಕೆ ತಳ್ಳಿದ್ದೇವೆ. ಚಳಿ ಮಳೆಯಲ್ಲಿ ದಿನವಿಡೀ ನೆನೆದು ದುಡಿಯುವ ಹೆಂಗಸರಲ್ಲೂ ಕುಡಿತಕ್ಕೆ ಸಿಕ್ಕವರಿದ್ದಾರೆ, ದೊಡ್ಡ ಮನೆಯ ಒಳಕೋಣೆಗಳಲ್ಲೂ ಇದ್ದಾರೆ. ಅವರ ಹೆಸರಿನಲ್ಲಿ ಹಾರವೂ ಇಲ್ಲ, ಕುರ್ಚಿಯೂ ಇಲ್ಲ. ಕುಡಿಯುವವನ ಜೊತೆಗೆ ಬಾಳುವವಳ ಪಾಡು ಬೇರೆಯದು. ಅವಳು ಬಾಟಲಿ ಮುಟ್ಟಿಲ್ಲ, ಆದರೂ ಅವಳ ದಿನಚರಿಯೆಲ್ಲ ಬಾಟಲಿಯ ಸುತ್ತಲೇ ಸುತ್ತುತ್ತದೆ: ಜೇಬು ತಡಕುವುದು, ಅಂಗಡಿಯವನಿಗೆ ಸುಳ್ಳು ಹೇಳುವುದು, ಜೀಪಿನ ಸದ್ದಿನಿಂದಲೇ ಗಂಡನ ಸ್ಥಿತಿ ಅಳೆಯುವುದು. ಬಿಲ್ ವಿಲ್ಸನ್ನನ ಹೆಂಡತಿ ಲೋಯಿಸ್ 1951ರಲ್ಲಿ ಮನೆಯವರಿಗೆಂದೇ ಅಲ್-ಅನಾನ್ ಎಂಬ ಬೇರೆ ಕೂಟಕ್ಕೆ ಆಕಾರ ಕೊಟ್ಟದ್ದು ಇದೇ ಅರಿವಿನಿಂದ. ಗಂಡ ಬಿಡಲಿ ಬಿಡದಿರಲಿ, ಹೆಂಡತಿಗೆ ತನ್ನ ಪಾಡಿನ ಮಾತಾಡಲು ನಾಲ್ಕು ಜನ ಬೇಡವೇ? ನಮ್ಮ ಹಳ್ಳಿಗಳಲ್ಲಿ ವಾರ ವಾರ ಸೇರುವ ಸ್ವಸಹಾಯ ಸಂಘಗಳಿವೆ. ಕಂತಿನ ಲೆಕ್ಕ ಮುಗಿದ ಮೇಲೆ ಅಲ್ಲಿ ಈ ಮಾತೂ ಏಳುವುದುಂಟು. ಎದ್ದಾಗ ಎಲ್ಲರ ಕಣ್ಣೂ ಪಾಸ್ ಪುಸ್ತಕದ ಮೇಲೆ.

ಸಾಹಿತ್ಯ ಈ ವಿಷಯದಲ್ಲಿ ನಮಗಿಂತ ಉದಾರವಾಗಿ ನಡೆದುಕೊಂಡಿದೆ. ಹೆಂಡ ಮುಟ್ಟದ ಮೇಷ್ಟ್ರು ಜಿ. ಪಿ. ರಾಜರತ್ನಂ ಯೆಂಡ್ಕುಡ್ಕ ರತ್ನನ ಒಳಗೆ ಹೊಕ್ಕು ಅವನ ಬಾಯಲ್ಲೇ ಹಾಡಿದರು. ಕನ್ನಡ ನಾಡು ಆ ರತ್ನನನ್ನು ಎದೆಗೊತ್ತಿಕೊಂಡಿತು. ಹನ್ನೆರಡನೆಯ ಶತಮಾನದ ಶರಣರ ಸಾಲಿನಲ್ಲಿ ಹೆಂಡದ ಮಾರಯ್ಯನೆಂಬವನಿದ್ದ. ಹೆಂಡ ಮಾರುತ್ತಲೇ ಕುಡಿಯಬಂದವರಿಗೆ ತಿಳಿಹೇಳಿ ಬೇರೆ ದಾರಿ ತೋರಿದನೆಂದು ಅವನ ಬಗ್ಗೆ ಹೇಳುತ್ತಾರೆ. ಗಡಿಗೆ ಹೆಂಡದ ಮಾತಿನಲ್ಲೇ ಪರಮಾರ್ಥ ಹೇಳಿದ ಅವನಿಗೂ ಕಲ್ಯಾಣದ ಗೋಷ್ಠಿಯಲ್ಲಿ ಆಸನವಿತ್ತು. ಎಂಟುನೂರು ವರ್ಷಗಳ ಹಿಂದೆ ಅಂಥವನಿಗೆ ಕೂರಲು ಜಾಗ ಕೊಟ್ಟವರ ಮಕ್ಕಳು ನಾವು. ಹಾಡಿನ ರತ್ನನನ್ನು ಒಪ್ಪಿಕೊಂಡವರಿಗೆ ಪಕ್ಕದ ಮನೆಯ ರತ್ನನನ್ನು ಒಪ್ಪುವುದು ಯಾಕಿಷ್ಟು ಭಾರ?

ಕಾನೂನು ತನ್ನ ಪಾಲಿನದನ್ನು ಆಗಾಗ ಮಾಡಿದೆ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ತೋಟದ ದಾರಿಗಳಲ್ಲಿ ಕಾಲಿಗೆ ಸಿಗುತ್ತಿದ್ದ ಪ್ಯಾಕೆಟ್ಟಿನ ತುಣುಕುಗಳು ಮಾಯವಾದವು. ಪ್ಯಾಕೆಟ್ಟು ಹೋದಲ್ಲಿಗೆ ಕ್ವಾರ್ಟರ್ ಬಂತು. ಒಂದು ಬಾಗಿಲನ್ನು ಮುಚ್ಚಿಸುವ ಬಲ ಸರಕಾರಕ್ಕಿದೆ; ಇನ್ನೊಂದು ಬಾಗಿಲನ್ನು ತೆರೆದು, ಒಳಗೆ ಕೂತು, ಬಂದವನಿಗೆ ಬಾ ಎನ್ನುವುದು ಸುತ್ತೋಲೆಯಿಂದ ಆಗುವ ಕೆಲಸವಲ್ಲ.

ಬಿಟ್ಟವರು ಮತ್ತೆ ಕುಡಿಯುತ್ತಾರಲ್ಲ ಎಂಬ ಆಕ್ಷೇಪ ಎಲ್ಲರ ನಾಲಗೆಯ ತುದಿಯಲ್ಲೂ ಇರುತ್ತದೆ. ಹೌದು, ಕುಡಿಯುತ್ತಾರೆ. ಮೂರು ಸಲ, ಐದು ಸಲ ಜಾರಿದ ಮೇಲೆ ನಿಂತವರೂ ಇದ್ದಾರೆ. ಸಭೆಯ ಜನ ಜೀವನವಿಡೀ ಮುಟ್ಟುವುದಿಲ್ಲವೆಂದು ಯಾರಿಂದಲೂ ಹೇಳಿಸುವುದಿಲ್ಲ; ಇವತ್ತೊಂದು ದಿನ ಎನ್ನುತ್ತಾರೆ. ಜೀವಮಾನದ ಆಣೆಯನ್ನು ಹೊರಲಾರದ ಹೆಗಲು ಒಂದು ದಿನವನ್ನು ಹೊರಬಲ್ಲದು. ಜಾರಿದವನು ಮರಳಿ ಬಂದಾಗ ಅಲ್ಲಿ ‘ಹೇಳಿರಲಿಲ್ವಾ’ ಎನ್ನುವವರಿಲ್ಲ; ಬಂದೆಯಲ್ಲ, ಸಾಕು ಎನ್ನುವವರಿದ್ದಾರೆ. ನಮ್ಮ ನಮ್ಮ ಮನೆಗಳಲ್ಲಿ, ಕುಡಿತಕ್ಕೆ ಸಂಬಂಧವೇ ಇಲ್ಲದ ಎಷ್ಟೋ ಜಾರುವಿಕೆಗಳಿಗೆ, ಇಂಥ ಸ್ವಾಗತ ಸಿಕ್ಕಿದ್ದರೆ ನಾವು ಇನ್ನಷ್ಟು ಒಳ್ಳೆಯವರಾಗುತ್ತಿರಲಿಲ್ಲವೇ?

ಹಾಗಾದರೆ ಒಂದು ಊರಿಗೆ ಇಂಥ ಸಭೆ ಬರುವುದು ಹೇಗೆ? ಕುಡಿತ ಬಿಡಲೆಂದು ಇಬ್ಬರೋ ಮೂವರೋ ಕೂಡಿ ಕೂತರೂ ಅದು ತಮ್ಮ ಕೂಟವೇ ಎಂದು ಎ.ಎ.ಯವರ ಸಂಪ್ರದಾಯ ಒಪ್ಪುತ್ತದೆ. ಕಟ್ಟಡ ಬೇಡ, ಉದ್ಘಾಟನೆ ಬೇಡ. ರಜೆಯ ದಿನ ಖಾಲಿ ಬಿದ್ದಿರುವ ಶಾಲೆಯ ಕೋಣೆ, ಚರ್ಚಿನ ಹಜಾರ, ದೇವಸ್ಥಾನದ ಊಟದ ಮನೆ, ಪಂಚಾಯಿತಿಯ ಗ್ರಂಥಾಲಯ ಯಾವುದಾದರೂ ಆದೀತು. ಆದರೆ ಬಾಗಿಲು ಪೇಟೆಯ ಮುಖಕ್ಕೆ ಇರದಿದ್ದರೆ ಮೇಲು. ವಾರ ಮತ್ತು ಹೊತ್ತು ಬದಲಾಗಬಾರದು. ನಮ್ಮ ಕಡೆ ಎಲ್ಲಕ್ಕಿಂತ ಕಷ್ಟದ ದಿನ ಬಟವಾಡೆಯದು. ಕೂಲಿ ಕೈಗೆ ಬಂದು ಮನೆ ಸೇರುವವರೆಗಿನ ಆ ಒಂದೆರಡು ಗಂಟೆಯಲ್ಲಿ ಎಷ್ಟೋ ಸಂಸಾರಗಳ ವಾರ ತೀರ್ಮಾನವಾಗುತ್ತದೆ. ಸಭೆ ಆ ದಿನವೇ, ಆ ಹೊತ್ತಿಗೇ ಇರಬೇಕು. ಕಳಸದಿಂದ ಸಂಸೆಗೋ ಬಾಳೆಹೊಳೆಗೋ ಹೋಗುವವರ ಬಸ್ಸು ತಪ್ಪದ ಹಾಗೆ ಮುಗಿಯಬೇಕು, ತಪ್ಪಿದರೆ ಅವರು ಕಾಯುತ್ತ ನಿಲ್ಲುವ ಜಾಗದ ಎದುರಿಗೇ ಬಾರ್ ಇರುತ್ತದೆ. ವಿಷಯ ಗೊತ್ತಿರಬೇಕಾದವರು ಮೂರು ಜನ: ಆಸ್ಪತ್ರೆಯ ನರ್ಸಮ್ಮ, ಆಶಾ ಕಾರ್ಯಕರ್ತೆ, ಮೆಡಿಕಲ್ ಶಾಪಿನವನು. ಕೇಳಿದವರಿಗೆ ಅವರು ಮುಖ ನೋಡದೆ ಹೇಳಿದರೆ ಸಾಕು. ಯಾರೂ ಬಾರದ ವಾರವೂ, ಮಳೆ ಹಿಡಿದು ಕರೆಂಟು ಹೋದ ವಾರವೂ ಬೀಗ ತೆಗೆದು ಕೂರುವವರು ಒಬ್ಬರು ಬೇಕು. ಬಿಟ್ಟು ಹತ್ತಾರು ವರ್ಷವಾಗಿ, ತಮ್ಮ ಪಾಡಿಗೆ ತೋಟ ಗದ್ದೆ ನೋಡಿಕೊಂಡಿರುವವರು ಪ್ರತಿ ಹೋಬಳಿಯಲ್ಲೂ ಇದ್ದಾರೆ. ಅವರಲ್ಲಿ ಹೆಚ್ಚಿನವರನ್ನು ಇದುವರೆಗೆ ಯಾರೂ ಬಂದು ಕೇಳಿಲ್ಲ. ಮೊದಲು ಅವರ ಮನೆಗೆ ಹೋಗಿ ಕೇಳಬೇಕು.